ಗಣಿ ಕಾರ್ಮಿಕರ ಚಿತ್ರಗಳನ್ನು ಹೆಸರುಗಳ ಸಮೇತ ಉಳಿಸಿ

ಮಾನ್ಯ ಸಂಪಾದಕರೇ,

ಕೆಜಿಎಫ್ (ಕೋಲಾರ ಚಿನ್ನದ ಗಣಿ ಪ್ರದೇಶ) ಕುರಿತು ಅಚ್ಚಾಗುವ ಛಾಯಾಚಿತ್ರಗಳು ಬಹುಮಟ್ಟಿಗೆ ಒಂದೇ ಬಗೆಯವು: ತುಕ್ಕು ಹಿಡಿದ ಶಾಫ್ಟ್ ಗೋಪುರ, ಚಿನ್ನ ಬೇರ್ಪಡಿಸಿದ ಮೇಲೆ ಉಳಿದ ಪುಡಿಮಣ್ಣಿನ ಸೈನೈಡ್ ದಿಬ್ಬ, ಬಾಗಿಲು ಕಿತ್ತುಹೋದ ಬಂಗಲೆ. ನೆಲದಡಿ ಮೂರು ಕಿಲೊಮೀಟರ್ ಆಳಕ್ಕಿಳಿದು ಚಿನ್ನ ತೆಗೆದವರ ಮುಖಗಳು ಅವುಗಳಲ್ಲಿ ಕಾಣುವುದು ಅಪರೂಪ. 2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದ ನಂತರ ಇಲ್ಲಿಗೆ ಬಂದ ಅನೇಕ ಛಾಯಾಗ್ರಾಹಕರಿಗೆ ಪಾಳು ಕಟ್ಟಡಗಳೇ ಸಾಕೆನಿಸಿದವು. ಬೆಳಿಗ್ಗೆ ಬಂದು ಸಂಜೆಯ ರೈಲಿಗೆ ಮರಳುವವರಿಗೆ ಇನ್ನೇನು ತಾನೇ ಸಿಕ್ಕೀತು?

ಸಾಕ್ಷ್ಯ ಛಾಯಾಗ್ರಹಣ ಜನರ ನಡುವೆ ನಿಂತು ಮಾಡುವ ಕೆಲಸ. ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ (1923–2009) ಜನಸಾಮಾನ್ಯರ ನಿತ್ಯದ ಬದುಕನ್ನೇ ವಸ್ತುವಾಗಿಸಿಕೊಂಡವರು. ಅವರು ತೆಗೆದ ಮಕ್ಕಳ ಚಿತ್ರಗಳು 1979ರಲ್ಲಿ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಪ್ರದರ್ಶನಗೊಂಡವು. ಬ್ರೆಜಿಲ್‌ನ ಸೆರ್ರಾ ಪೆಲಾಡಾ ಚಿನ್ನದ ಗಣಿಯನ್ನು ಜಗತ್ತು ಇಂದಿಗೂ ನೆನೆಯುವುದು, ಮಣ್ಣಿನ ಮೂಟೆ ಹೊತ್ತು ಏಣಿಯೇರುವ ಕೂಲಿಗಳನ್ನು 1986ರಲ್ಲಿ ಸೆರೆಹಿಡಿದ ಸೆಬಾಸ್ಟಿಯಾವೊ ಸಲ್ಗಾಡೊ ಅವರ ಚಿತ್ರಗಳಿಂದ. ನಮ್ಮಲ್ಲಿ ಅಂಥದೇ ಕೆಲಸವನ್ನು, ಹಾಗೆಂದು ಹೇಳಿಕೊಳ್ಳದೆ, ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆ ಮತ್ತು ಆಂಡರ್‌ಸನ್‌ಪೇಟೆಯ ಫೋಟೊ ಸ್ಟುಡಿಯೊದವರು ಮಾಡಿದ್ದಾರೆ.

ನಮ್ಮ ನೆರೆಯ ಲೈನ್‌ಮನೆಯಲ್ಲಿ (ಗಣಿ ಕಾರ್ಮಿಕರ ಸಾಲುಮನೆ) ನಿವೃತ್ತಿ ಸಮಾರಂಭದ ಗುಂಪುಚಿತ್ರವೊಂದಿದೆ. ಮುಂಭಾಗದಲ್ಲಿ ಹಾರ, ಹೆಲ್ಮೆಟ್, ಕ್ಯಾಪ್ ಲ್ಯಾಂಪ್. ರಟ್ಟಿನ ಹಿಂಬದಿಯಲ್ಲಿ ನೀಲಿ ಶಾಯಿಯಲ್ಲಿ, ಕೆಲವು ತಮಿಳಿನಲ್ಲಿ, ಕೆಲವು ತೆಲುಗಿನಲ್ಲಿ, ಸಾಲಿನ ಕ್ರಮದಲ್ಲೇ ಬರೆದ ಹೆಸರುಗಳು. ಚೌಕಟ್ಟು ಬದಲಿಸುವಾಗ ಆ ರಟ್ಟನ್ನು ಎಸೆದರೆ ಅಷ್ಟೂ ಮಂದಿ ಅನಾಮಿಕರಾಗುತ್ತಾರೆ. ಹಳೆಯ ಸ್ಟುಡಿಯೊಗಳ ಬೀರುಗಳಲ್ಲಿರುವ ನೆಗೆಟಿವ್‌ಗಳ ಸ್ಥಿತಿಯೂ ಚೆನ್ನಾಗಿಲ್ಲ. ಲಕೋಟೆ ತೆರೆದೊಡನೆ ವಿನೆಗರ್‌ನಂಥ ಹುಳಿ ವಾಸನೆ ಬಂದರೆ ಅಸಿಟೇಟ್ ಫಿಲ್ಮ್ ಕೆಡತೊಡಗಿದೆ ಎಂದೇ ಅರ್ಥ; ಸೆಕೆ ಮತ್ತು ತೇವದಲ್ಲಿ ಅದು ಮತ್ತಷ್ಟು ಬೇಗ ಸುರುಟಿಕೊಳ್ಳುತ್ತದೆ, ಕೆಟ್ಟದ್ದನ್ನು ಸರಿಪಡಿಸಲಾಗುವುದಿಲ್ಲ.

ಆದ್ದರಿಂದ ಕೋಲಾರ ಜಿಲ್ಲಾಡಳಿತವು ಈ ಚಿತ್ರಗಳನ್ನೂ ನೆಗೆಟಿವ್‌ಗಳನ್ನೂ ಸ್ಕ್ಯಾನ್ ಮಾಡಿಸುವ ಕೆಲಸವನ್ನು ಕೈಗೆತ್ತಿಕೊಳ್ಳಬೇಕು. ಚಿತ್ರದ ಎರಡೂ ಬದಿಗಳು ದಾಖಲಾಗಬೇಕು. ಮೂಲಪ್ರತಿ ಮನೆಯವರ ಬಳಿಯೇ ಉಳಿಯಬೇಕು, ಏಕೆಂದರೆ ಪ್ರದರ್ಶನಕ್ಕೆಂದು ಒಯ್ದ ಚಿತ್ರಗಳು ಮರಳಿ ಬಾರದ ಅನುಭವ ಇಲ್ಲಿ ಹಲವರಿಗಿದೆ. ಸ್ಟುಡಿಯೊದವರ ಹೆಸರನ್ನೂ ನಮೂದಿಸಿ, ಬಳಕೆಗೆ ಅವರ ಒಪ್ಪಿಗೆ ಪಡೆಯಬೇಕು. ಗಣಿ ಮುಚ್ಚಿದಾಗ ಐವತ್ತರ ಆಸುಪಾಸಿನಲ್ಲಿದ್ದವರಿಗೆ ಈಗ ಎಪ್ಪತ್ತು ದಾಟಿದೆ. ಚಿತ್ರದಲ್ಲಿರುವವರನ್ನು ಗುರುತಿಸಬಲ್ಲವರು ಅವರೇ ಆದ್ದರಿಂದ, ಸ್ಕ್ಯಾನರ್ ಖರೀದಿಯ ಟೆಂಡರ್‌ಗೆ ಕಾಯದೆ ಹೆಸರು ಬರೆದುಕೊಳ್ಳುವ ಕೆಲಸವನ್ನು ಈ ತಿಂಗಳೇ ಆರಂಭಿಸಬಹುದು.

– ಓರ್ವ ಓದುಗ, ಚಾಂಪಿಯನ್ ರೀಫ್, ಕೆಜಿಎಫ್