ಫಲಿತಾಂಶ ಕಡಿಮೆ ಇರುವ ಪ್ರೌಢಶಾಲೆಗಳಲ್ಲಿ ಪೂರ್ಣ ಪಾಠ ನಡೆಸುವಂತೆ ಕೋರಿ ಮನವಿ

ಇವರಿಗೆ,
ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು,
ಜಿಲ್ಲಾ ಪಂಚಾಯಿತಿ, ಯಾದಗಿರಿ.

ಇವರಿಂದ,
ಸುರಪುರ ತಾಲ್ಲೂಕಿನ ಪಾಲಕರು ಹಾಗೂ ಗ್ರಾಮಸ್ಥರು.

ಮಾನ್ಯರೇ,

ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ನಮ್ಮ ಜಿಲ್ಲೆ 2023ರಲ್ಲಿ ಶೇ 75.49 ಪಡೆದು ರಾಜ್ಯಕ್ಕೇ ಕೊನೆಯಲ್ಲಿತ್ತು. 2024ರಲ್ಲಿ ಪರೀಕ್ಷೆಗೆ ವೆಬ್‌ಕಾಸ್ಟಿಂಗ್ (ಕೊಠಡಿಯ ಕ್ಯಾಮೆರಾದಿಂದ ನೇರ ನಿಗಾ) ಬಂತು, ಫಲಿತಾಂಶ ಶೇ 50.59ಕ್ಕೆ ಕುಸಿಯಿತು, ಕೊನೆಯ ಸ್ಥಾನ ಮಾತ್ರ ಕದಲಲಿಲ್ಲ. ಕ್ಯಾಮೆರಾ ಇಟ್ಟಿದ್ದಕ್ಕೆ ನಮ್ಮ ತಕರಾರಿಲ್ಲ. ಇನ್ನೂ ಮೊದಲೇ ಇಡಬೇಕಿತ್ತು.

ತಕರಾರು ಇರುವುದು ಆಮೇಲೆ ನಡೆಯುತ್ತಿರುವುದರ ಬಗ್ಗೆ. ಹಿಂದುಳಿದ ಶಾಲೆ ಎಂದು ನಮ್ಮೂರಿನ ಪ್ರೌಢಶಾಲೆಯ ಮೇಲೆ ನಿಗಾ ಹೆಚ್ಚಿದೆ. ಬಂದ ಅಧಿಕಾರಿಗಳು ಮುಖ್ಯ ಶಿಕ್ಷಕರ ಕೊಠಡಿಯಲ್ಲಿ ಕಡತ ನೋಡಿ, ಕ್ರಿಯಾ ಯೋಜನೆಗೆ ಸಹಿ ಹಾಕಿ ಹೊರಡುತ್ತಾರೆ. ಇತ್ತ ದೀಪಾವಳಿ ಕಳೆಯುತ್ತಿದ್ದಂತೆ ಹತ್ತನೆಯ ತರಗತಿಯ ಪಠ್ಯಪುಸ್ತಕ ಚೀಲ ಸೇರುತ್ತದೆ, ‘ಪಾಸಿಂಗ್ ಪ್ಯಾಕೇಜ್’ ಜೆರಾಕ್ಸ್ ಹಾಳೆಗಳು ಹೊರಬರುತ್ತವೆ. ಅಷ್ಟು ಪ್ರಶ್ನೆ, ಅಷ್ಟೇ ಉತ್ತರ, ಬಾಯಿಪಾಠ.

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯ ದಿನ ಒಬ್ಬ ವಿದ್ಯಾರ್ಥಿನಿ ರೇಖಾಗಣಿತದ ಥೇಲ್ಸ್ ಪ್ರಮೇಯದ ಸಾಧನೆಯನ್ನು ನಮ್ಮೆದುರು ಒಂದೇ ಉಸಿರಿಗೆ ಒಪ್ಪಿಸಿದಳು. ಪಾಲಕರೊಬ್ಬರು ಎದ್ದು, ಹಲಗೆಯ ಮೇಲಿನ ತ್ರಿಭುಜದ ಎ, ಬಿ, ಸಿ ಅಳಿಸಿ ಪಿ, ಕ್ಯೂ, ಆರ್ ಎಂದು ಬರೆದರು. ಹುಡುಗಿ ಸೀಮೆಸುಣ್ಣ ಹಿಡಿದು ನಿಂತೇಬಿಟ್ಟಳು. ಅವಳು ದಡ್ಡಳಲ್ಲ. ಹತ್ತಿ ಬಿಡಿಸಿದ ಕೂಲಿಯನ್ನು ಕಿಲೋ ಲೆಕ್ಕದಲ್ಲಿ ಮನೆಮಂದಿಗೆಲ್ಲ ಬಾಯಲ್ಲೇ ಕೂಡಿಸಿ ಹೇಳುವವಳು. ಪ್ರಮೇಯ ಏನು ಹೇಳುತ್ತದೆಂದು ಅವಳಿಗೆ ಯಾರೂ ತಿಳಿಸಿರಲಿಲ್ಲ, ಅಷ್ಟೇ. ಶಿಕ್ಷಕರನ್ನೂ ದೂರಲಾರೆವು, ಅವರಿಂದ ಕೇಳುವುದೇ ಶೇಕಡಾವಾರು ಲೆಕ್ಕವಾದರೆ ಅವರಾದರೂ ಏನು ಮಾಡಿಯಾರು?

ಪಠ್ಯಕ್ರಮವನ್ನು ನಿಗದಿತ ಅವಧಿಯಲ್ಲಿ ಪೂರ್ತಿ ಮುಗಿಸುವುದು, ಪ್ರತಿ ಮಗುವಿನ ಕಲಿಕೆ ಅಳೆದು ಬೇಕಾದವರಿಗೆ ಹೆಚ್ಚುವರಿ ಪಾಠ ಹೇಳುವುದು ಶಿಕ್ಷಕರ ಕರ್ತವ್ಯವೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಕಲಂ ಹೇಳುತ್ತದೆ. ಕಾಯ್ದೆ ಎಂಟನೆಯ ತರಗತಿಗೇ ನಿಲ್ಲುತ್ತದೆ ಎನ್ನಬಹುದು. ಒಂಬತ್ತಕ್ಕೆ ಬರುವ ಮಕ್ಕಳು ಎಂಟು ದಾಟಿಯೇ ಬರುವವರು ತಾನೇ?

ಆದ್ದರಿಂದ, ತಪಾಸಣೆಗೆ ಬರುವವರು ಒಂದು ಪೂರ್ತಿ ಪಿರಿಯಡ್ ತರಗತಿಯಲ್ಲಿ ಕುಳಿತು ಪಾಠ ಕೇಳಲಿ, ಮಕ್ಕಳಿಂದ ಓದಿಸಲಿ, ನೋಟ್‌ಬುಕ್ ತೆರೆದು ನೋಡಲಿ; ಕಂಡದ್ದನ್ನು ಎಸ್‌ಡಿಎಂಸಿ ಸಭೆಯಲ್ಲಿ ನಮಗೂ ಹೇಳಲಿ. ಪಾಸಿಂಗ್ ಪ್ಯಾಕೇಜ್ ಬೇಡವೆನ್ನುವುದಿಲ್ಲ, ಪುಸ್ತಕ ಪೂರ್ತಿ ಮುಗಿದ ಮೇಲೆ ಅಗತ್ಯವಿದ್ದವರಿಗೆ ಮಾತ್ರ ಕೊಡಲಿ. ಓದಲು, ಕೂಡಿ ಕಳೆಯಲು ಬಾರದ ಮಕ್ಕಳನ್ನು ಎಂಟನೆಯ ತರಗತಿಗೆ ಸೇರಿದ ಜೂನ್‌ನಲ್ಲೇ ಗುರುತಿಸಿ ವಿಶೇಷ ತರಗತಿ ಆರಂಭಿಸಬೇಕು. ಹತ್ತಿ ಬಿಡಿಸುವ ತಿಂಗಳುಗಳಲ್ಲಿ ಹೊಲಕ್ಕೆ ಹೋಗುವ ಮಕ್ಕಳಿಗೆ ತಪ್ಪಿದ ಪಾಠವನ್ನು ಮತ್ತೆ ಹೇಳಿಕೊಡುವ ವೇಳಾಪಟ್ಟಿಯೂ ಬೇಕು. ಮಕ್ಕಳನ್ನು ಹೊಲಕ್ಕೆ ಕರೆದೊಯ್ಯದಂತೆ ಊರಲ್ಲಿ ಮನೆಮನೆಗೆ ಹೋಗಿ ಹೇಳುವ ಕೆಲಸ ನಮಗಿರಲಿ. ಗಣಿತ, ವಿಜ್ಞಾನದ ಖಾಲಿ ಹುದ್ದೆಗಳಿಗೆ ಶಾಲೆ ತೆರೆಯುವ ಮೊದಲೇ ಅತಿಥಿ ಶಿಕ್ಷಕರನ್ನು ಕೊಡಿಸಬೇಕು.

ಮುಂದಿನ ಎಸ್‌ಡಿಎಂಸಿ ಸಭೆಗೆ ತಾವು ಅಥವಾ ತಮ್ಮ ಪ್ರತಿನಿಧಿ ಬರಬೇಕೆಂದು ಕೋರುತ್ತೇವೆ. ಅಂದು ತರಗತಿ ನಡೆಯುತ್ತಿರುವಾಗಲೇ ಬಂದರೆ ಇನ್ನೂ ಒಳ್ಳೆಯದು.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿಗಳು,
ಪಾಲಕರು ಮತ್ತು ಗ್ರಾಮಸ್ಥರು
(ಸಹಿ ಮತ್ತು ಹೆಬ್ಬೆಟ್ಟಿನ ಗುರುತುಗಳ ಪಟ್ಟಿ ಲಗತ್ತಿಸಿದೆ)