ಅಮ್ಮನ ಸರ ಅಡವಿಡಬೇಡಿ

ಶಾರ್ಜಾ
10 ನವೆಂಬರ್ 2024

ತೀರ್ಥರೂಪರಾದ ಅಪ್ಪಯ್ಯನವರಿಗೆ ಸಾಷ್ಟಾಂಗ ನಮಸ್ಕಾರಗಳು. ನಾನಿಲ್ಲಿ ಕ್ಷೇಮ. ನೀವು, ಅಮ್ಮ, ಅಜ್ಜಿ, ಪುಟ್ಟಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ.

ಹಬ್ಬಕ್ಕೆ ಮೊದಲೇ ನೀವು ಹಾಕಿದ ಕಾಗದ ನನ್ನ ಕೈಗೆ ಸಿಕ್ಕಿದ್ದು ಮೊನ್ನೆ. ಇಲ್ಲಿ ಸಾಮಾನ್ಯವಾಗಿ ಅಂಚೆಯವರು ಮನೆ ಬಾಗಿಲಿಗೆ ಬರುವುದಿಲ್ಲ. ನಮ್ಮಂಥವರ ಕಾಗದಗಳೆಲ್ಲ ಕಂಪನಿಯ ಪೋಸ್ಟ್ ಬಾಕ್ಸಿಗೆ ಬಂದು, ಆಫೀಸಿನ ಹುಡುಗನಿಗೆ ನೆನಪಾದ ದಿನ ಗೋದಾಮಿಗೆ ತಲುಪುತ್ತವೆ. ರಾಜೀನಾಮೆ ಕೊಟ್ಟವನ ಕಾಗದವೆಂದರೆ ಆ ನೆನಪು ಇನ್ನೂ ತಡವಾಗುತ್ತದೆ. ಫೋನಿನಲ್ಲಿಯೇ ಉತ್ತರ ಹೇಳಬಹುದಿತ್ತು. ಆದರೆ ಇಲ್ಲಿ ವಾಟ್ಸಾಪಿನ ಕರೆಗೆ ಅವಕಾಶವಿಲ್ಲ. ಬೇರೆ ಆ್ಯಪಿನಲ್ಲಿ ಮಾತನಾಡಿದರೆ ಅರ್ಧ ಮಾತು ನಿಮಗೆ ಕೇಳಿಸುವುದಿಲ್ಲ, ಕೇಳಿಸಿದ ಅರ್ಧವನ್ನು ಪಕ್ಕದಲ್ಲಿ ನಿಂತ ಅಮ್ಮ ಹಿಡಿದುಕೊಂಡು ರಾತ್ರಿಯೆಲ್ಲ ನಿದ್ದೆಗೆಡುತ್ತಾಳೆ. ಆದ್ದರಿಂದ ಎಲ್ಲವನ್ನೂ ವಿವರವಾಗಿ ಬರೆದು, ನಾಳೆ ಮಂಗಳೂರಿಗೆ ಹೊರಟಿರುವ ಗೆಳೆಯನ ಕೈಯಲ್ಲಿ ಕಳಿಸುತ್ತಿದ್ದೇನೆ.

ಮೊದಲಿಗೆ ಮುಖ್ಯವಾದ ಮಾತು. ಅಮ್ಮನ ಸರವನ್ನು ದಯವಿಟ್ಟು ಸೊಸೈಟಿಯಲ್ಲಿ ಅಡವಿಡಬೇಡಿ. ಮನೆ ಸಾಲದ ಕಂತು ಒಂದು ತಿಂಗಳೂ ತಪ್ಪುವುದಿಲ್ಲ. ಡಿಸೆಂಬರ್ ಮತ್ತು ಜನವರಿಯ ಎರಡು ಕಂತುಗಳ ಹಣವನ್ನು ರಾಜೀನಾಮೆ ಕೊಡುವುದಕ್ಕೆ ಮೊದಲೇ ನನ್ನ ಎನ್‌ಆರ್‌ಇ ಖಾತೆಯಲ್ಲಿ (ಹೊರದೇಶದಲ್ಲಿ ದುಡಿಯುವವರಿಗೆ ಊರಿನ ಬ್ಯಾಂಕಿನಲ್ಲಿರುವ ಖಾತೆ) ಬೇರೆಯಾಗಿ ತೆಗೆದಿಟ್ಟಿದ್ದೇನೆ. ಕಾರ್ಯದರ್ಶಿಯವರು ಕೇಳಿದರೆ ಇಷ್ಟನ್ನೇ ಹೇಳಿ. ಪುಟ್ಟಿಯ ಮದುವೆಗೆಂದು ಕೂಡಿಟ್ಟ ಹಣ ಬೇರೆಯೇ ಇದೆ, ಅದನ್ನು ನಾನು ಮುಟ್ಟಿಲ್ಲ.

ಹಬ್ಬಕ್ಕೆಂದು ಮೊದಲೇ ಊರಿಗೆ ಬಂದ ರಾಘು "ನಿಮ್ಮ ಮಗ ಕೆಲಸ ಬಿಟ್ಟ" ಎಂದು ಜಗಲಿಯಲ್ಲಿ ಕೂತು ಹೇಳಿ, ಕಾಫಿ ಕುಡಿದು ಹೋದನಂತೆ. ಬಿಟ್ಟದ್ದು ನಿಜ. ಆದರೆ ಬೇರೆ ಕಂಪನಿಯ ಆಫರ್ ಲೆಟರಿಗೆ ಸಹಿ ಹಾಕಿದ ಮೇಲೆ, ಕರಾರಿನಲ್ಲಿ ಇದ್ದಂತೆ 30 ದಿನಗಳ ನೋಟಿಸ್ ಕೊಟ್ಟು, ಅದನ್ನು ಸ್ವೀಕರಿಸಿದ್ದೇವೆಂಬ ಇಮೇಲಿನ ಪ್ರತಿಯನ್ನೂ ತೆಗೆದಿಟ್ಟುಕೊಂಡು ಬಿಟ್ಟಿದ್ದೇನೆ. ಈ ಭಾಗವನ್ನು ಅವನು ಹೇಳಲಿಲ್ಲ, ಬಹುಶಃ ಅವನಿಗೆ ಗೊತ್ತೂ ಇರಲಿಕ್ಕಿಲ್ಲ.

ನಿಮ್ಮ ಕಾಗದದಲ್ಲಿ ಬಸ್ರೂರಿನ ಮಾವನ ಪ್ರಸಂಗವನ್ನು ಎರಡು ಸಲ ಬರೆದಿದ್ದೀರಿ. ಅದು ನನಗೂ ನೆನಪಿದೆ. ಮಾವನಿಗೆ ಬೇರೆ ಕಡೆ ಒಳ್ಳೆಯ ಕೆಲಸ ಸಿಕ್ಕಿತ್ತು, ಇದ್ದ ಕಂಪನಿಯ ಮಾಲೀಕರು ಬೇರೆಡೆ ಸೇರಲು ಬೇಕಾದ ಒಪ್ಪಿಗೆ ಪತ್ರ (ಎನ್‌ಒಸಿ) ಕೊಡಲಿಲ್ಲ, ವೀಸಾ ರದ್ದಾಯಿತು, ಆರು ತಿಂಗಳು ಇಲ್ಲಿ ಕೆಲಸ ಮಾಡದಂತೆ ಬ್ಯಾನ್ ಬಿತ್ತು, ಮಾವ ಊರಿಗೆ ಬಂದು ಕೂತರು, ಅವರ ಸಾಲಕ್ಕೆ ಜಾಮೀನು ನಿಂತ ನೀವು ತೆಂಗಿನ ತೋಟದ ಫಸಲನ್ನು ಮುಂಗಡವಾಗಿ ಮಾರಬೇಕಾಯಿತು. ನಿಮ್ಮ ಭಯಕ್ಕೆ ಕಾರಣವಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಮಾವನ ಕಾಲದ ಕಾನೂನು ಈಗ ಇಲ್ಲ. 2016ರಿಂದಲೇ ನಿಯಮಗಳು ಸಡಿಲವಾಗುತ್ತ ಬಂದವು. ಆ ಮೇಲೆ ಇಲ್ಲಿನ (ಯುಎಇ) ಸರಕಾರ 2021ರಲ್ಲಿ ಹೊರಡಿಸಿ 2022ರ ಫೆಬ್ರವರಿ 2ರಿಂದ ಜಾರಿಗೆ ತಂದ ಹೊಸ ಕಾರ್ಮಿಕ ಕಾನೂನಿನ ಪ್ರಕಾರ, ಕರಾರಿನಲ್ಲಿ ಬರೆದಷ್ಟು ದಿನಗಳ ನೋಟಿಸ್ ಕೊಟ್ಟು, ಅಷ್ಟು ದಿನ ಕೆಲಸ ಮಾಡಿಕೊಟ್ಟರೆ ನೌಕರನು ಬೇರೆ ಕಂಪನಿಗೆ ಹೋಗಬಹುದು. ಆ ನೋಟಿಸ್ ಅವಧಿ 30 ದಿನಕ್ಕಿಂತ ಕಡಿಮೆಯೂ 90 ದಿನಕ್ಕಿಂತ ಹೆಚ್ಚೂ ಇರುವಂತಿಲ್ಲ. ಮಾವನ ಪಾಸ್‌ಪೋರ್ಟ್ ಕಂಪನಿಯ ಕಪಾಟಿನಲ್ಲಿತ್ತು. ನನ್ನದು ನನ್ನ ಪೆಟ್ಟಿಗೆಯಲ್ಲಿದೆ, ಅದರ ಬೀಗದಕೈ ನನ್ನ ಹತ್ತಿರವಿದೆ. ನೌಕರನ ಪಾಸ್‌ಪೋರ್ಟನ್ನು ಕಂಪನಿ ಹಿಡಿದಿಟ್ಟುಕೊಳ್ಳುವುದು ಇಲ್ಲಿ ಕಾನೂನಿಗೆ ವಿರುದ್ಧ.

"ಆರು ವರ್ಷ ತಡೆದವನಿಗೆ ಪುಟ್ಟಿಯ ಮದುವೆ ಮುಗಿಯುವ ತನಕ ತಡೆಯಲಾಗಲಿಲ್ಲವೇ" ಎಂದು ಕೇಳಿದ್ದೀರಿ. ಆ ಪ್ರಶ್ನೆಗೆ ಉತ್ತರ ನಿಮ್ಮ ಸೊಸೈಟಿಯ ಪಾಸ್‌ಬುಕ್ಕಿನಲ್ಲಿಯೇ ಇದೆ. ಕಂತಿನ ತಾರೀಕು ಪ್ರತಿ ತಿಂಗಳು 10. ನಮ್ಮ ಕಂಪನಿಯಲ್ಲಿ ಸಂಬಳದ ದಿನ 1ನೇ ತಾರೀಕು ಎಂದು ಕಾಗದದಲ್ಲಿದೆ, ಹಣ ಬೀಳುವುದು 14ಕ್ಕೋ 15ಕ್ಕೋ. ಇಲ್ಲಿ ಸಂಬಳವನ್ನು ಬ್ಯಾಂಕಿನ ಮೂಲಕವೇ ಕೊಡಬೇಕು, ಯಾರಿಗೆ ಎಷ್ಟು ಯಾವಾಗ ಹೋಯಿತೆಂಬುದು ಸರಕಾರಕ್ಕೆ ಕಾಣುತ್ತದೆ. ಆದರೆ 15 ದಿನದೊಳಗೆ ಹಾಕಿದರೆ ಅದನ್ನು ತಡವೆಂದು ಗಣಿಸುವುದಿಲ್ಲ. ನಮ್ಮ ಅಕೌಂಟೆಂಟ್ ಆ ಒಂದು ನಿಯಮವನ್ನು ಮಾತ್ರ ಪಂಚಾಂಗದಂತೆ ತಪ್ಪದೆ ನೋಡುತ್ತಿದ್ದ. ಹೀಗಾಗಿ ಹಿಂದಿನ ತಿಂಗಳ ಹಣದಲ್ಲಿ ಉಳಿಸಿ ಈ ತಿಂಗಳ ಕಂತು ಕಟ್ಟುವುದು, ಉಳಿಯದಿದ್ದರೆ ರೂಮಿನವರಲ್ಲಿ ಕೈಗಡ ಕೇಳುವುದು, ಅದೂ ಸಿಗದಿದ್ದರೆ ನೀವು ಅಲ್ಲಿ ದಂಡಬಡ್ಡಿ ಕಟ್ಟುವುದು. ಇದು ಹಲವು ಸಲ ಆಗಿದೆ. ಕಂತಿನ ಸಲುವಾಗಿಯೇ ನಾನು ಆ ಕೆಲಸ ಬಿಡಬೇಕಾಯಿತು ಎಂದರೆ ನೀವು ನಂಬಬೇಕು.

ಬೇರೆ ಕಾರಣಗಳೂ ಇವೆ. ಕಳೆದ ವರ್ಷ ಬಂದ ಮ್ಯಾನೇಜರ್ ತನ್ನ ಸಂಬಂಧಿಕನೊಬ್ಬನನ್ನು ಕರೆಸಿಕೊಂಡರು. ಎಸಿ ಬಿಡಿಭಾಗಗಳಲ್ಲಿ ಕಂಪ್ರೆಸರ್ ಯಾವುದು, ಕೆಪಾಸಿಟರ್ ಯಾವುದು ಎಂದು ಅವನಿಗೆ ರ‍್ಯಾಕಿನ ಮುಂದೆ ನಿಂತು ಕಲಿಸಿದವನು ನಾನು. ಕಲಿತ ಮೇಲೆ ಅವನು ಸೀನಿಯರ್ ಸ್ಟೋರ್‌ಕೀಪರ್ ಆದನು, ಮಾಲಿನಲ್ಲಿ ಕಡಿಮೆ ಬಂದಾಗ ಉತ್ತರ ಕೊಡಬೇಕಾದವನು ಮಾತ್ರ ನಾನಾಗಿಯೇ ಉಳಿದೆ. ಅವನು ಡೆಲಿವರಿ ನೋಟಿಗೆ ಸಹಿ ಹಾಕಿಸದೆ ಸೈಟಿಗೆ ಮಾಲು ಕಳಿಸುತ್ತಿದ್ದ, ತಿಂಗಳ ಕೊನೆಗೆ ಸ್ಟಾಕ್ ಎಣಿಸಲು ನಾವೆಲ್ಲ ರಾತ್ರಿ ಕೂರುತ್ತಿದ್ದೆವು. ಇಲ್ಲಿನ ಕಾನೂನಿನಲ್ಲಿ ದಿನಕ್ಕೆ 8 ಗಂಟೆಗಿಂತ ಹೆಚ್ಚು ದುಡಿದರೆ ಮೂಲವೇತನದ ಮೇಲೆ ಶೇ 25, ರಾತ್ರಿ 10ರಿಂದ ಬೆಳಗಿನ 4ರ ನಡುವೆ ದುಡಿದರೆ ಶೇ 50 ಹೆಚ್ಚು ಕೊಡಬೇಕೆಂದಿದೆ. ನಮಗೆ ಕೊಡುತ್ತಿದ್ದದ್ದು ಬಿರಿಯಾನಿ ಪೊಟ್ಟಣ. ನಾನು ಸಸ್ಯಾಹಾರಿಯಾದ ಕಾರಣ ನನಗೆ ಅದೂ ಇಲ್ಲ.

ಅರಬರ ಬಗ್ಗೆ ಊರಿನಲ್ಲಿ ಜನ ಏನೇನೋ ಹೇಳುತ್ತಾರೆ. ನಮ್ಮ ಮಾಲೀಕರನ್ನು ನಾನು ನೋಡಿದ್ದೇ ಅಪರೂಪ, ನೋಡಿದಾಗಲೆಲ್ಲ ಅವರೇ ಮೊದಲು ಸಲಾಂ ಹೇಳಿದ್ದಾರೆ. ಕಾಟ ಕೊಟ್ಟವರು ನಮ್ಮ ದೇಶದವರೇ. ರಾಜೀನಾಮೆ ಕೊಟ್ಟಾಗ ವೀಸಾಕ್ಕೆ ಖರ್ಚಾದ ಹಣವನ್ನು ಮುರಿದುಕೊಳ್ಳುತ್ತೇವೆಂದು ಹೆದರಿಸಿದವರೂ ಅವರೇ. ನೌಕರನನ್ನು ಕರೆಸಿಕೊಂಡ ಖರ್ಚನ್ನು ನೌಕರನಿಂದ ವಸೂಲು ಮಾಡುವುದು ಇಲ್ಲಿ ನಿಷಿದ್ಧ ಎಂದು ನಾನು ಇಮೇಲಿನಲ್ಲಿ ವಿನಯವಾಗಿ ಬರೆದೆ. ಆ ಮೇಲೆ ಆ ಮಾತು ನಿಂತಿತು.

ಈಗ ಹಣದ ಲೆಕ್ಕ, ಏಕೆಂದರೆ ನಿಮಗೆ ಲೆಕ್ಕ ತೋರಿಸದೆ ಸಮಾಧಾನವಾಗುವುದಿಲ್ಲವೆಂದು ನನಗೆ ಗೊತ್ತು. ನನ್ನ ಒಟ್ಟು ಸಂಬಳ 4,500 ದಿರ್ಹಂ ಆದರೂ ಮೂಲವೇತನ 2,400 ಮಾತ್ರ, ಉಳಿದದ್ದು ಭತ್ಯೆ. ಗ್ರ್ಯಾಚುಟಿಯನ್ನು ಮೂಲವೇತನದ ಮೇಲೆ ಮಾತ್ರ ಲೆಕ್ಕ ಹಾಕುತ್ತಾರಾದ್ದರಿಂದ ಅನೇಕ ಕಂಪನಿಗಳು ಮೂಲವೇತನವನ್ನು ಹೀಗೆ ಕುಗ್ಗಿಸಿಯೇ ಇಡುತ್ತವೆ. ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ವೇತನ, ಆ ಮೇಲಿನ ಪ್ರತಿ ವರ್ಷಕ್ಕೆ 30 ದಿನದ ವೇತನ. ದಿನಕ್ಕೆ 80 ದಿರ್ಹಮಿನಂತೆ ಐದು ವರ್ಷಕ್ಕೆ 8,400, ಆರನೆಯ ವರ್ಷಕ್ಕೆ 2,400, ಒಟ್ಟು 10,800. ಈಗಿನ ದರದಲ್ಲಿ ಎರಡೂವರೆ ಲಕ್ಷ ರೂಪಾಯಿಗೆ ಸ್ವಲ್ಪ ಕಡಿಮೆ. ಮಾವನ ಕಾಲದಲ್ಲಿ ಐದು ವರ್ಷ ತುಂಬುವ ಮೊದಲು ತಾವಾಗಿ ಬಿಟ್ಟರೆ ಇದಕ್ಕೂ ಕತ್ತರಿ ಬೀಳುತ್ತಿತ್ತು. ಈ ತಿಂಗಳ 15ಕ್ಕೆ ನನ್ನ ನೋಟಿಸ್ ಮುಗಿಯುತ್ತದೆ, ಕೆಲಸ ಮುಗಿದ 14 ದಿನದೊಳಗೆ ಬಾಕಿಯೆಲ್ಲ ಚುಕ್ತಾ ಆಗಬೇಕೆಂದು ಕಾನೂನಿದೆ. ಅವರು ತಡ ಮಾಡಿದರೂ ಕಂತಿಗೆ ತೊಂದರೆಯಿಲ್ಲ, ಆ ಹಣವನ್ನು ನಂಬಿ ನಾನು ಕೂತಿಲ್ಲ. ಹೊಸ ಕಂಪನಿಯಲ್ಲಿ ಡಿಸೆಂಬರ್ ಮೊದಲ ವಾರದಲ್ಲಿ ಸೇರುತ್ತೇನೆ, ಅಲ್ಲಿ ಸಂಬಳ ಪ್ರತಿ ತಿಂಗಳು 28ಕ್ಕೆ. ಅಲ್ಲಿರುವ ಇಬ್ಬರು ಮಂಗಳೂರಿನ ಹುಡುಗರನ್ನು ಕೇಳಿ ಖಚಿತಪಡಿಸಿಕೊಂಡಿದ್ದೇನೆ. ಒಟ್ಟು 5,200 ದಿರ್ಹಂ, ಅದರಲ್ಲಿ ಮೂಲವೇತನ 3,000.

ಹೊಸ ಜಾಗ ದುಬೈನ ಜೆಬೆಲ್ ಅಲಿ ಬಂದರಿನ ಹತ್ತಿರವಿದೆ. ಆಹಾರ ಪದಾರ್ಥಗಳ ಗೋದಾಮು. ಅಕ್ಕಿ, ಬೇಳೆ, ಸಾಂಬಾರ ಪದಾರ್ಥಗಳ ಕಂಟೇನರುಗಳನ್ನು ಇಳಿಸಿಕೊಳ್ಳುವ ಲೆಕ್ಕ ನನ್ನದು. ಪಣಂಬೂರಿನ ಬಂದರು ನೋಡಿಯೇ ಬೆರಗಾಗಿದ್ದ ಅಜ್ಜಿಗೆ ಇದನ್ನು ಹೇಗೆ ವರ್ಣಿಸಲಿ! ಕ್ರೇನುಗಳು ಸಾಲಾಗಿ ನಿಂತಿರುವುದು ಹೆದ್ದಾರಿಯಿಂದಲೇ ಕಾಣುತ್ತದೆ. ಶಾರ್ಜಾದಿಂದ ಅಲ್ಲಿಗೆ ದಿನವೂ ಓಡಾಡುವುದು ಆಗದ ಮಾತು, ಬೆಳಗಿನ ಟ್ರಾಫಿಕ್ಕಿನಲ್ಲಿ ಅರ್ಧ ಆಯುಷ್ಯ ಹೋಗುತ್ತದೆ. ಆದ್ದರಿಂದ ದುಬೈನ ಕರಾಮಾದಲ್ಲಿ ಒಂದು ಬೆಡ್ ಸ್ಪೇಸ್, ಅಂದರೆ ಹಂಚಿಕೊಂಡ ರೂಮಿನಲ್ಲಿ ಒಂದು ಮಂಚದ ಜಾಗ, ನೋಡಿದ್ದೇನೆ. ಬಾಡಿಗೆ ಇಲ್ಲಿಗಿಂತ ಹೆಚ್ಚು, ಆದರೆ ಅಲ್ಲಿಂದ ಮೆಟ್ರೋ, ಮೆಟ್ರೋ ಇಳಿದರೆ ಕಂಪನಿಯ ಬಸ್ಸು. ಡ್ರೈವರ್ ಇಲ್ಲದೆ ಓಡುವ ರೈಲು ಅದು, 2009ರಿಂದ ಹಾಗೆಯೇ ಓಡುತ್ತಿದೆ. ಅಮ್ಮನಿಗೆ ಹೇಳಬೇಡಿ, ಇಲ್ಲದ ಡ್ರೈವರಿನ ಚಿಂತೆಯೂ ಅವಳಿಗೇ ಬರುತ್ತದೆ. ಅದರೊಳಗೆ ತಿನ್ನುವಂತಿಲ್ಲ, ತಿಂದರೆ 100 ದಿರ್ಹಂ ದಂಡ, ಆದ್ದರಿಂದ ಚಕ್ಕುಲಿಯನ್ನು ರೂಮಿನಲ್ಲೇ ತಿನ್ನುತ್ತೇನೆ. ಜೆಬೆಲ್ ಅಲಿಯಲ್ಲಿ 2022ರಲ್ಲಿ ಹೊಸ ದೇವಸ್ಥಾನ ತೆರೆದಿದ್ದಾರೆ ಎಂಬುದನ್ನು ಮಾತ್ರ ಅವಳಿಗೆ ಖಂಡಿತ ಹೇಳಿ.

ಆಫರ್ ಲೆಟರನ್ನು ಓದದೆ ಸಹಿ ಹಾಕಿದೆಯಾ ಎಂದು ಕೇಳಿದ್ದೀರಿ. ಪ್ರತಿ ಪುಟವನ್ನೂ ಓದಿದ್ದೇನೆ. ಈ ದೇಶದ ಕಾರ್ಮಿಕ ಇಲಾಖೆ ಅದನ್ನು ಅರಬ್ಬೀ ಮತ್ತು ಇಂಗ್ಲಿಷಿನ ಜೊತೆಗೆ ಹಿಂದಿ, ಮಲಯಾಳಂ, ತಮಿಳು, ಉರ್ದು, ಬಂಗಾಳಿ, ನೇಪಾಳಿ ಭಾಷೆಗಳಲ್ಲಿಯೂ ಕೊಡುವ ವ್ಯವಸ್ಥೆ ಮಾಡಿದೆ. ಕನ್ನಡ ಆ ಪಟ್ಟಿಯಲ್ಲಿಲ್ಲ. ನಮ್ಮ ಜಿಲ್ಲೆಗಳಿಂದ ಇಷ್ಟು ಜನ ಇಲ್ಲಿಗೆ ಬಂದು ದುಡಿದರೂ ಒಬ್ಬರೂ ಹೋಗಿ ಕೇಳಲಿಲ್ಲವೇನೋ ಎಂದು ಬೇಸರವಾಯಿತು. ಇರಲಿ, ಇಂಗ್ಲಿಷಿನ ಪ್ರತಿಯನ್ನೇ ಓದಿ, ರೂಮಿನ ಮಲಯಾಳಿಯಿಂದ ಅವನ ಭಾಷೆಯ ಪ್ರತಿಯನ್ನೂ ಓದಿಸಿ, ಎರಡೂ ಒಂದೇ ಎಂದು ತಾಳೆ ನೋಡಿದ್ದೇನೆ.

ನೀವು ಕೇಳದಿದ್ದರೂ ಮುಂದಿನ ಕಾಗದದಲ್ಲಿ ಖಂಡಿತ ಕೇಳುವ ಒಂದು ವಿಷಯವಿದೆ. ಹೊಸ ಕಂಪನಿಯಲ್ಲಿ ಆರು ತಿಂಗಳ ಪ್ರೊಬೇಷನ್ ಇದೆ, ಆ ಅವಧಿಯಲ್ಲಿ ಬೇಡವೆನಿಸಿದರೆ ಅವರು 14 ದಿನದ ನೋಟಿಸ್ ಕೊಟ್ಟು ತೆಗೆಯಬಹುದು. ಹಾಗಾಗುವುದಿಲ್ಲ. ಲೆಕ್ಕ ಬಲ್ಲವನನ್ನು, ಫೋರ್ಕ್‌ಲಿಫ್ಟ್ ಲೈಸೆನ್ಸ್ ಇರುವವನನ್ನು ಸುಮ್ಮನೆ ಯಾರೂ ತೆಗೆಯುವುದಿಲ್ಲ. ಆದರೂ ಆಯಿತೆಂದೇ ಇಟ್ಟುಕೊಳ್ಳಿ. 2023ರ ಜನವರಿಯಿಂದ ಇಲ್ಲಿ ಕೆಲಸ ಹೋದವರಿಗಾಗಿ ಕಡ್ಡಾಯ ವಿಮೆಯೊಂದಿದೆ, ತಿಂಗಳಿಗೆ 5 ದಿರ್ಹಮಿನಂತೆ ನಾನು ಕಟ್ಟುತ್ತಲೇ ಬಂದಿದ್ದೇನೆ. ಕಂಪನಿಯವರು ತಾವಾಗಿ ತೆಗೆದರೆ ಮೂಲವೇತನದ ಶೇ 60ರಷ್ಟು ಗರಿಷ್ಠ ಮೂರು ತಿಂಗಳ ತನಕ ಸಿಗುತ್ತದೆ. 3,000ಕ್ಕೆ ಹೆಚ್ಚೆಂದರೆ 1,800 ಆಯಿತು, ಕಂತಿಗೆ ಅದು ಸಾಕು. ವೀಸಾ ರದ್ದಾದ ಮೇಲೂ ಇಲ್ಲಿಯೇ ಇದ್ದು ಬೇರೆ ಕೆಲಸ ಹುಡುಕಲು ಮೊದಲಿಗಿಂತ ಹೆಚ್ಚು ಕಾಲಾವಕಾಶವಿದೆ. ಇದನ್ನೆಲ್ಲ ಬರೆದದ್ದು ನಿಮ್ಮ ಮನಸ್ಸಿನ ಸಮಾಧಾನಕ್ಕೆ ಮಾತ್ರ. ಕಾಳಜಿ ಮಾಡುವಂಥದ್ದು ಏನೂ ಇಲ್ಲ, ನಿಜವಾಗಿಯೂ ಇಲ್ಲ. ನಾನು ಸರಿಯಾಗಿ ಊಟ ಮಾಡುತ್ತಿದ್ದೇನೆ, ನಿದ್ದೆಯೂ ಬರುತ್ತಿದೆ, ತೂಕವೂ ಇಳಿದಿಲ್ಲ. ಫೋಟೋದಲ್ಲಿ ಸಪೂರ ಕಂಡದ್ದು ಅಂಗಿ ದೊಡ್ಡದಾದ ಕಾರಣ.

ಮಾವ ಮನೆಗೆ ಬಂದರೆ ಈ ಕಾಗದದ ಕಾನೂನಿನ ಭಾಗವನ್ನು ಅವರಿಗೂ ಓದಿಸಿ. ಅವರು ನಂಬಲಿಕ್ಕಿಲ್ಲ, ಆದರೂ ಓದಿಸಿ. ಸೊಸೈಟಿಯವರು ಕಂತಿನ ರಸೀದಿ ಕೊಟ್ಟ ಕೂಡಲೇ ಪುಟ್ಟಿಯಿಂದ ಫೋಟೋ ತೆಗೆಸಿ ಕಳಿಸಿ.

ಗೆಳೆಯ ಬ್ಯಾಗಿನ ತೂಕ ನೋಡುತ್ತ ಬಾಗಿಲಲ್ಲಿ ನಿಂತಿದ್ದಾನೆ. ಅವನ ಕೈಯಲ್ಲಿ ಅಜ್ಜಿಯ ಮೊಣಕಾಲಿಗೆ ಹಚ್ಚುವ ಮುಲಾಮು, ಖರ್ಜೂರ, ಪುಟ್ಟಿಗೆ ಒಂದು ವಾಚು ಇದೆ. ಹಳೆಯ ಪೋಸ್ಟ್ ಬಾಕ್ಸಿಗೆ ಇನ್ನು ಬರೆಯಬೇಡಿ, ಹೊಸ ಕಂಪನಿಯ ನಂಬರನ್ನು ಸೇರಿದ ದಿನವೇ ತಿಳಿಸುತ್ತೇನೆ. ಅಮ್ಮನಿಗೂ ಅಜ್ಜಿಗೂ ನಮಸ್ಕಾರಗಳು.

ಇಂತಿ ನಿಮ್ಮ ಆಜ್ಞಾಧಾರಕ ಮಗ