ಪಿಆರ್ ಕಾರ್ಡಿನ ತಾರೀಖು ಬೇರೆ, 730 ದಿನದ ಲೆಕ್ಕ ಬೇರೆ

ಮಾನ್ಯ ಸಂಪಾದಕರೇ,

ಎಕ್ಸ್‌ಪ್ರೆಸ್ ಎಂಟ್ರಿ ಎಂಬ ಅಂಕ ಆಧಾರಿತ ವಲಸೆ ವ್ಯವಸ್ಥೆಯ ಮೂಲಕ ಕೆನಡಾದ ಪಿಆರ್, ಅಂದರೆ ಕಾಯಂ ವಾಸದ ಹಕ್ಕು, ಪಡೆದವರ ಮನೆಗಳಲ್ಲಿ ‘ಕಾರ್ಡು ಇನ್ನೂ ಎರಡು ವರ್ಷ ಇದೆ, ಈಗಲೇ ಏನು ಅವಸರ’ ಎಂಬ ಮಾತು ಪದೇ ಪದೇ ಕೇಳಿಬರುತ್ತದೆ. ಭಾಷಾ ಪರೀಕ್ಷೆ, ಅಂಕ, ಬ್ಯಾಂಕ್ ಪತ್ರ ಎಂದು ವರ್ಷಗಟ್ಟಲೆ ಅಲೆದು ಪಡೆದ ಹಕ್ಕು ಈ ಒಂದು ತಪ್ಪು ನಂಬಿಕೆಯಿಂದ ಕೈತಪ್ಪಬಾರದು. ಆ ಕಳಕಳಿಯಿಂದ ಬರೆಯುತ್ತಿದ್ದೇನೆ.

ಕಾರ್ಡು ಪ್ರಯಾಣಕ್ಕೆ ಬೇಕಾದ ದಾಖಲೆ, ಅಷ್ಟೇ. ಅದರ ಅವಧಿ ಮುಗಿದ ಮಾತ್ರಕ್ಕೆ ಪಿಆರ್ ಹೋಗುವುದಿಲ್ಲ. ಅವಧಿ ಉಳಿದಿದೆ ಎಂದು ಪಿಆರ್ ಭದ್ರವೂ ಅಲ್ಲ. 2002ರಿಂದ ಜಾರಿಯಲ್ಲಿರುವ ಕೆನಡಾದ ವಲಸೆ ಮತ್ತು ನಿರಾಶ್ರಿತರ ರಕ್ಷಣಾ ಕಾಯ್ದೆಯ 28ನೇ ಕಲಂ ಪ್ರಕಾರ ಪ್ರತಿ ಐದು ವರ್ಷಗಳಲ್ಲಿ ಕನಿಷ್ಠ 730 ದಿನ ಕೆನಡಾದಲ್ಲಿ ಇದ್ದಿರಬೇಕು. ಒಂದೇ ಸಮನೆ ಇರಬೇಕೆಂದಿಲ್ಲ. ಬಂದಿಳಿದ ದಿನ, ಹೊರಟ ದಿನ ಎರಡೂ ಪೂರ್ಣ ದಿನವೆಂದೇ ಲೆಕ್ಕ.

ಜನ ಎಡವುವುದು ‘ಯಾವ ಐದು ವರ್ಷ’ ಎಂಬಲ್ಲಿ. ಪಿಆರ್ ಸಿಕ್ಕು ಐದು ವರ್ಷ ತುಂಬುವವರೆಗೆ ಅಧಿಕಾರಿ ನೋಡುವುದು, ಈಗಾಗಲೇ ಇದ್ದ ದಿನಗಳ ಜೊತೆ ಉಳಿದ ದಿನಗಳನ್ನೂ ಸೇರಿಸಿದರೆ 730 ಆಗುತ್ತದೆಯೇ ಎಂದು. ಹಾಗಾಗಿ ಒಮ್ಮೆ ಹೋಗಿ ಲ್ಯಾಂಡಿಂಗ್, ಅಂದರೆ ಪಿಆರ್ ಆಗಿ ಮೊದಲ ಪ್ರವೇಶದ ವಿಧಿ, ಮುಗಿಸಿ ವಾರದಲ್ಲೇ ವಾಪಸಾದವರಿಗೆ ಮೂರನೇ ವರ್ಷ ತುಂಬುವುದೇ ಕೊನೆಯ ಗಡುವು. ಆ ಅಂಚಿನವರೆಗೆ ಕಾದು ಹೋದರೆ ಮುಂದಿನ ಎರಡು ವರ್ಷ ಮನೆಯಲ್ಲಿ ಮದುವೆಯಿರಲಿ, ತಂದೆತಾಯಿಗೆ ಕಾಯಿಲೆಯಿರಲಿ, ಹೊರಡುವ ಹಾಗಿಲ್ಲ. ಕಡೇಪಕ್ಷ ಅರವತ್ತು ದಿನವಾದರೂ ಮಿಗಿಸಿಕೊಂಡು ಯೋಜನೆ ಮಾಡುವುದು ಕ್ಷೇಮ.

ಐದು ವರ್ಷ ದಾಟಿದ ಮೇಲೆ ಲೆಕ್ಕದ ರೀತಿಯೇ ಬದಲಾಗುತ್ತದೆ. ತಪಾಸಣೆಯ ದಿನದಿಂದ ಹಿಂದಕ್ಕೆ ಐದು ವರ್ಷ ಎಣಿಸುತ್ತಾರೆ. ಉದಾಹರಣೆಗೆ, 2019ರ ಏಪ್ರಿಲ್ 1ರಂದು ಲ್ಯಾಂಡ್ ಆಗಿ 2021ರ ಮಾರ್ಚ್ 31ರಂದು ಹೊರಟವರ ಖಾತೆಯಲ್ಲಿ 731 ದಿನ ಇರುತ್ತದೆ. ‘ನನ್ನ ಎರಡು ವರ್ಷ ಮುಗಿಯಿತು’ ಎಂದು ಅವರು ನಿಶ್ಚಿಂತರಾಗಿ, 2024ರ ಜುಲೈ 1ರಂದು ಮರಳುತ್ತಾರೆ ಎನ್ನೋಣ. ಎಣಿಕೆ ಆಗ 2019ರ ಜುಲೈ 1ರಿಂದ ಶುರು. ಮೊದಲ 91 ದಿನ ಉದುರಿಹೋಗಿವೆ. ಉಳಿದದ್ದು 640, ಕೊರತೆ 90. ಇನ್ನು ಮೂರು ತಿಂಗಳು ಇದ್ದರೆ ಸರಿಹೋಗುತ್ತದಲ್ಲ ಎಂದರೆ ಅದೂ ಇಲ್ಲ. ಮುಂದೆ ಒಂದು ದಿನ ಸೇರಿದಂತೆ ಹಿಂದೆ ಒಂದು ದಿನ ಬಿದ್ದುಹೋಗುತ್ತದೆ. 2026ರ ಮಾರ್ಚ್ ಕೊನೆಯವರೆಗೂ ಸಂಖ್ಯೆ 640ರಲ್ಲೇ ನಿಂತಿರುತ್ತದೆ, 730 ತಲುಪುವುದು ಆ ವರ್ಷದ ಜೂನ್ ಕೊನೆಗೆ. ಗಡಿಯಲ್ಲಿ ಅಧಿಕಾರಿ ದಿನ ಸಾಲದೆಂದು ವರದಿ ಬರೆಯದೆ ಒಳಬಿಟ್ಟರೂ ಅಲ್ಲಿಯವರೆಗೆ ದೇಶ ಬಿಡದೆ, ಕಾರ್ಡಿನ ನವೀಕರಣಕ್ಕೆ ಅರ್ಜಿ ಹಾಕದೆ ಇರಬೇಕಾಗುತ್ತದೆ. ಅರ್ಜಿ ಹಾಕಿದ ದಿನವೇ ಲೆಕ್ಕ ತೆಗೆಯುತ್ತಾರೆ.

ಹೊರದೇಶದಲ್ಲಿದ್ದ ದಿನಗಳೂ ಸೇರುವ ಕೆಲವು ಸಂದರ್ಭಗಳಿವೆ. ಕೆನಡಾ ಪೌರತ್ವ ಇರುವ ಗಂಡ ಅಥವಾ ಹೆಂಡತಿಯ ಜೊತೆ ಹೊರಗೆ ವಾಸವಿದ್ದರೆ ಆ ದಿನಗಳು ಲೆಕ್ಕಕ್ಕೆ ಬರುತ್ತವೆ. ಮಕ್ಕಳಿಗಾದರೆ ಪೌರತ್ವ ಇರುವ ತಂದೆ ಅಥವಾ ತಾಯಿಯ ಜೊತೆ ಇದ್ದ ದಿನಗಳು ಬರುತ್ತವೆ. ಆದರೆ ಇದು ತಿರುಗುಮುರುಗಾಗಿ ನಡೆಯುವುದಿಲ್ಲ. ಕೆನಡಾದಲ್ಲಿ ಹುಟ್ಟಿ ಪೌರತ್ವ ಪಡೆದ ಮಗುವಿನೊಡನೆ ತಾಯಿ ಭಾರತದಲ್ಲಿದ್ದರೆ ತಾಯಿಯ ಪಿಆರ್‌ಗೆ ಒಂದು ದಿನವೂ ಸೇರದು. ಬಾಣಂತನಕ್ಕೆಂದು ಬಂದು ಉಳಿದುಬಿಡುವವರು ಇದನ್ನು ಮುಖ್ಯವಾಗಿ ಗಮನಿಸಬೇಕು. ಗಂಡ ಹೆಂಡತಿ ಇಬ್ಬರಿಗೂ ಬರೀ ಪಿಆರ್ ಇದ್ದು, ಇಬ್ಬರೂ ಹೊರಗಿದ್ದರೆ, ಮುಂದೆ ಹೇಳುವ ಉದ್ಯೋಗದ ವಿನಾಯಿತಿ ಇಬ್ಬರಲ್ಲಿ ಯಾರಿಗೂ ಇಲ್ಲದಿದ್ದರೆ, ಅದೂ ಲೆಕ್ಕಕ್ಕಿಲ್ಲ.

ಐಟಿಯವರು ನೆಚ್ಚಿಕೊಳ್ಳುವುದು ಉದ್ಯೋಗದ ವಿನಾಯಿತಿಯನ್ನು. ಕೆನಡಾದ ಕಂಪನಿಯೇ ತನ್ನ ನೌಕರನನ್ನು ಪೂರ್ಣಾವಧಿ ಕೆಲಸಕ್ಕೆ ಹೊರದೇಶಕ್ಕೆ ನಿಯೋಜಿಸಿದರೆ ಆ ದಿನಗಳು ಸೇರುತ್ತವೆ. ಅದೇ ಕಂಪನಿಯ ಭಾರತದ ಶಾಖೆಗೆ ಇಲ್ಲಿಯೇ ನೇಮಕವಾದರೆ ಅದು ನಿಯೋಜನೆ ಅಲ್ಲ. ಪಿಆರ್ ಉಳಿಸಿಕೊಳ್ಳಲೆಂದೇ ಕಾಗದದ ಮೇಲೆ ಹುಟ್ಟುಹಾಕಿದ ಸಂಸ್ಥೆಯನ್ನು ನಿಯಮಾವಳಿ ಸ್ಪಷ್ಟವಾಗಿ ಹೊರಗಿಟ್ಟಿದೆ. ನಿಯೋಜನೆ ಪತ್ರ, ಅದರ ಅವಧಿ, ಮುಗಿದ ಮೇಲೆ ಕೆನಡಾದಲ್ಲಿ ಮರಳಿ ಸಿಗುವ ಹುದ್ದೆ, ಸಂಬಳದ ಚೀಟಿ ಎಲ್ಲವನ್ನೂ ಹೊರಡುವ ಮುನ್ನವೇ ಬರಹದಲ್ಲಿ ಪಡೆದಿರಬೇಕು.

ದಿನಗಳನ್ನು ರುಜುವಾತು ಮಾಡುವ ಹೊಣೆ ಅರ್ಜಿದಾರರದು. ಪಾಸ್‌ಪೋರ್ಟಿನ ಮುದ್ರೆಯನ್ನೇ ನಂಬಿ ಕೂರಬಾರದು. ಕೆನಡಾ ಹೊರಹೋಗುವಾಗ ಮುದ್ರೆ ಹಾಕುವುದಿಲ್ಲ, ಒಳಬರುವಾಗಲೂ ಕಿಯಾಸ್ಕ್‌ನಲ್ಲಿ ಬೀಳದೇ ಇರಬಹುದು. ವಿಮಾನದಲ್ಲಿ ಹೊರಹೋದವರ ವಿವರ 2020ರಿಂದ ಗಡಿ ಇಲಾಖೆಯ ದಾಖಲೆಗೆ ಸೇರುತ್ತಿದೆ. ಆ ಪ್ರಯಾಣ ವಿವರವನ್ನು ಅರ್ಜಿ ಹಾಕಿ ಪಡೆದು ನಿಮ್ಮ ಪಟ್ಟಿಯೊಡನೆ ತಾಳೆ ನೋಡಿ. ಬೋರ್ಡಿಂಗ್ ಪಾಸ್, ಬಾಡಿಗೆ ಕರಾರು, ತೆರಿಗೆ ಇಲಾಖೆಯ ವಾರ್ಷಿಕ ನೋಟಿಸು, ಮಕ್ಕಳ ಶಾಲಾ ದಾಖಲೆ ಎತ್ತಿಡಿ. ಅವಧಿ ಮುಗಿದ ಪಾಸ್‌ಪೋರ್ಟನ್ನು ಎಸೆಯಬೇಡಿ. ನವೀಕರಣದ ಅರ್ಜಿ ಐಎಂಎಂ 5444, ಶುಲ್ಕ 50 ಡಾಲರ್, ಕಾರ್ಡಿನಲ್ಲಿ ಒಂಬತ್ತು ತಿಂಗಳಿಗಿಂತ ಕಡಿಮೆ ಉಳಿದಾಗ ಹಾಕಬಹುದು. ಕಾರ್ಡನ್ನು ಕಳಿಸುವುದು ಕೆನಡಾದ ವಿಳಾಸಕ್ಕೆ ಮಾತ್ರ.

ಕಾರ್ಡಿಲ್ಲದೆ ಹೊರಗೆ ಸಿಕ್ಕಿಕೊಂಡವರನ್ನು ವಿಮಾನ ಹತ್ತಿಸುವುದಿಲ್ಲ. ಪಿಆರ್‌ಟಿಡಿ ಎಂಬ ಪ್ರಯಾಣ ಪತ್ರಕ್ಕೆ ಅರ್ಜಿ ಹಾಕಬೇಕು, ಆಗಲೂ 730ರ ಲೆಕ್ಕ ಬರುತ್ತದೆ. ದಿನ ಸಾಲದಿದ್ದರೆ ತಂದೆತಾಯಿಯ ಗಂಭೀರ ಕಾಯಿಲೆ, ಮಗುವಿನ ಹಿತ ಮೊದಲಾದ ಮಾನವೀಯ ಕಾರಣಗಳನ್ನು ಆಸ್ಪತ್ರೆ ದಾಖಲೆ ಸಮೇತ ಅದೇ ಅರ್ಜಿಯಲ್ಲಿ ಬರೆಯಬೇಕು. ಆಮೇಲೆ ಹೇಳೋಣ ಎಂದು ಬಿಡಬೇಡಿ. ಅರ್ಜಿ ತಿರಸ್ಕೃತವಾದರೆ 60 ದಿನದೊಳಗೆ ಮೇಲ್ಮನವಿ ಸಲ್ಲಿಸಬಹುದು. ಕೆನಡಾದೊಳಗೆ ತೆರವಿನ ಆದೇಶ, ಅಂದರೆ ದೇಶ ಬಿಡಬೇಕೆಂಬ ಆದೇಶ, ಕೈಗೆ ಬಂದರೆ 30 ದಿನ ಮಾತ್ರ. ಮೇಲ್ಮನವಿ ತೀರ್ಮಾನವಾಗುವವರೆಗೆ ಪಿಆರ್ ಇರುತ್ತದೆ. ಹಿಂದಿನ 365 ದಿನಗಳಲ್ಲಿ ಒಮ್ಮೆಯಾದರೂ ಕೆನಡಾಕ್ಕೆ ಹೋಗಿದ್ದವರಿಗೆ, ಮೇಲ್ಮನವಿ ಹಾಕಿದ ಮೇಲೆ, ಪ್ರಯಾಣ ಪತ್ರ ಕೊಡಲೇಬೇಕೆಂದು ಕಾಯ್ದೆಯಲ್ಲಿದೆ. ವಿಮಾನ ನಿಲ್ದಾಣದಲ್ಲಿ ಗಾಬರಿಯಿಂದ ಪಿಆರ್ ಬಿಟ್ಟುಕೊಡುವ ಕಾಗದಕ್ಕೆ ಸಹಿ ಹಾಕಬೇಡಿ.

ಪೌರತ್ವದ ಲೆಕ್ಕವನ್ನು ಇದರ ಜೊತೆ ಬೆರೆಸಬಾರದು. ಅದಕ್ಕೆ ಐದು ವರ್ಷಗಳಲ್ಲಿ 1,095 ದಿನ ಬೇಕು. ಪಿಆರ್‌ಗೆ ಮೊದಲು ವಿದ್ಯಾರ್ಥಿಯಾಗಿಯೋ ಕೆಲಸದ ಪರ್ಮಿಟ್‌ನಲ್ಲಿಯೋ ಇದ್ದ ದಿನಗಳು ಅಲ್ಲಿ ಅರ್ಧ ದಿನದಂತೆ, 365ರ ಮಿತಿಯಲ್ಲಿ ಸೇರುತ್ತವೆ. 730ಕ್ಕೆ ಅವು ಸೇರವು.

ಹಣ ಪಡೆದು ಕೆನಡಾ ವಲಸೆಯ ಸಲಹೆ ಕೊಡಲು ಅಲ್ಲಿನ ವಕೀಲರಿಗೆ, ವಕೀಲರ ಸಂಘದ ಸದಸ್ಯರಾದ ಇತರ ಕಾನೂನು ವೃತ್ತಿಯವರಿಗೆ, ಕ್ವಿಬೆಕ್‌ನ ನೋಟರಿಗಳಿಗೆ ಮತ್ತು ವಲಸೆ ಸಲಹೆಗಾರರ ನಿಯಂತ್ರಣ ಸಂಸ್ಥೆಯಾದ ‘ಕಾಲೇಜ್’ನ ಪರವಾನಗಿ ಇರುವವರಿಗೆ ಮಾತ್ರ ಅಧಿಕಾರ. ಪರವಾನಗಿದಾರರ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು. ತಮ್ಮ ಪತ್ರಿಕೆಗೆ ಇಂಥ ಜಾಹೀರಾತು ಬಂದಾಗ ಪರವಾನಗಿ ಸಂಖ್ಯೆ ಕೇಳಿ, ಅದನ್ನು ಜಾಹೀರಾತಿನಲ್ಲೇ ಅಚ್ಚು ಹಾಕಿಸಬೇಕೆಂದು ಕೋರುತ್ತೇನೆ.

ಇತಿ,
ತಮ್ಮ ಓದುಗ